ಶೇಡ್ ಕೂಡದ ಬಲಗಣ್ಣು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದವರಲ್ಲ. ನಮ್ಮ ಜಗಳ ನಮ್ಮ ಜೊತೆಗೇ ಮಲಗಿ, ನಮ್ಮ ಜೊತೆಗೇ ಎದ್ದು, ಚಹಾದ ಹೊತ್ತಿಗೆ ಮುಖ ತೊಳೆದು ಬಂದು ಕೂಡುತ್ತಿತ್ತು. ಮದುವೆಯಾಗಿ ಮೂವತ್ತೊಂದು ವರ್ಷ. ಧಾರವಾಡದಲ್ಲಿ ಶುರುವಾದದ್ದು ಪಾತ್ರೆ ಪಡಗದ ಜೊತೆ ಪುಣೆಗೆ ಬಂದು, ಕೋಥರೂಡಿನ ಸೊಸೈಟಿಯ ಮೂರನೇ ಮಹಡಿಯಲ್ಲಿ ನೆಲೆಯೂರಿತ್ತು. ಬೈಗುಳವಿಲ್ಲ, ತವರಿಗೆ ಹೋಗುತ್ತೇನೆಂಬ ಬೆದರಿಕೆಯಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಮಾತಾಡದಿದ್ದರೆ ಇಬ್ಬರಿಗೂ ತಿಂದದ್ದು ಜೀರ್ಣವಾಗುತ್ತಿರಲಿಲ್ಲ, ಅಷ್ಟೆ. ಒಂದು ದಿನ ಸದ್ದು ಕೇಳದಿದ್ದರೆ ಮೇಲಿನ ಮನೆಯ ಮರಾಠಿ ಆಜಿ, ಊರಿಗೆ ಹೋಗಿದ್ದಿರೇನು ಎಂದು ಮರುದಿನ ಕೇಳುತ್ತಿದ್ದರು.

ಅಂಥ ಮನೆಯಲ್ಲಿ ಹೋದ ವರ್ಷ ಮೂರು ತಿಂಗಳು ಜಗಳವೇ ಆಗಲಿಲ್ಲ. ಡಾಕ್ಟರು ನನ್ನ ಬಲಗಣ್ಣು ತೆಗೆದು ಆ ಜಾಗದಲ್ಲಿ ಒಂದು ಗುಂಡು ಕೂಡಿಸಿದ ಕಾಲ ಅದು. ಕಣ್ಣು ಹೋಗುವುದನ್ನು ನಾನು ಹೇಗೋ ಅರಗಿಸಿಕೊಂಡೆ. ಅದು ನೋಡುವುದನ್ನು ಬಿಟ್ಟು ಆಗಲೇ ಎರಡು ವರ್ಷವಾಗಿತ್ತು, ಸುಮ್ಮನೆ ಕೂತು ನೋಯುವುದೊಂದೇ ಅದರ ಕೆಲಸ. ಆದರೆ ಜಗಳ ಹೋದದ್ದನ್ನು ನನಗೆ ತಡೆಯಲಾಗಲಿಲ್ಲ. ಅದು ಮರಳಿ ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ನಿಜವಾಗಿಯೂ ಸೊರಗಿದೆ.

ನಮ್ಮವರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಹಡಪಸರದ ಕಡೆ ಒಂದು ಬಣ್ಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಶೇಡ್ ಕೂಡಿಸುವ ಕೆಲಸ ಮಾಡಿ ನಿವೃತ್ತರಾದ ಮನುಷ್ಯ. ಗಿರಾಕಿ ಹಳೆಯ ಗೋಡೆಯ ಒಂದು ಚಕ್ಕೆ ತಂದು ಇದೇ ಬಣ್ಣ ಬೇಕು ಎಂದರೆ, ಅದನ್ನು ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ಇದರಲ್ಲಿ ಹಳದಿ ಎಷ್ಟು, ಕಪ್ಪು ಎಷ್ಟು ಎಂದು ಹೇಳಿ ಬೆರೆಸಿ ಕೊಡುವುದು ಅವರ ಉದ್ಯೋಗ. ಟ್ಯೂಬ್‌ಲೈಟನ್ನು ಅವರು ನಂಬುವುದಿಲ್ಲ. ಅದು ಸುಳ್ಳು ಹೇಳುತ್ತದಂತೆ. ಚಹಾದ ಬಣ್ಣ ನೋಡಿ ಹಾಲು ಅರ್ಧ ಚಮಚ ಹೆಚ್ಚಾಗಿದೆ ಎನ್ನುವವರು, ರೊಟ್ಟಿ ತಟ್ಟೆಗೆ ಬಿದ್ದರೆ ನಿನ್ನೆಯದಕ್ಕಿಂತ ಎರಡು ಶೇಡ್ ಡಾರ್ಕ್ ಎನ್ನುವವರು. ಮಗಳ ಮದುವೆಯಲ್ಲಿ ಬೀಗರು ಕೊಟ್ಟ ಸೀರೆಯ ಅಂಚಿಗೂ ಸೆರಗಿಗೂ ಬಣ್ಣ ಕೂಡಿಲ್ಲ ಎಂದು ಬೀಗರ ಎದುರಿಗೇ ಹೇಳಿ ನನ್ನ ಮಾನ ಕಳೆದವರು. ಇಂಥವರ ಜೊತೆ ಜಗಳವಾಡದೆ ಮತ್ತೇನು ಮಾಡಬೇಕು?

ಕಣ್ಣಿನ ಕಥೆ ಶುರುವಾದದ್ದು ಸೊಸೈಟಿಯ ಗಣಪತಿ ಹಬ್ಬದಲ್ಲಿ. ಹೆಂಗಸರ ಬ್ಯಾಡ್ಮಿಂಟನ್ ಇಟ್ಟಿದ್ದರು. ನನಗೆ ಸುಮ್ಮನೆ ಕೂಡಲಾಗದ ಚಟ, ಹೆಸರು ಕೊಟ್ಟೆ. ನೆಟ್ಟಿನ ಹತ್ತಿರ ನಾನು, ಹಿಂದೆ ನನ್ನ ಜೊತೆಗಾತಿ. ಶಟಲ್ ನನ್ನ ತಲೆಯ ಮೇಲಿನಿಂದ ಹೋಯಿತು. ಇವಳು ಯಾಕೆ ಇನ್ನೂ ಹೊಡೆಯಲಿಲ್ಲ ಎಂದು ತಿರುಗಿ ನೋಡಿದೆ. ಅವಳು ಆಗ ಹೊಡೆದಳು. ಅದು ನೇರ ಬಲಗಣ್ಣಿಗೆ ಬಿತ್ತು. ಆಟ ನಾವು ಸೋತೆವು, ಅದೇನೂ ದೊಡ್ಡ ಮಾತಲ್ಲ, ಆದರೆ ಆ ಪೆಟ್ಟಿನಿಂದ ಕಣ್ಣಿನೊಳಗಿನ ಒತ್ತಡ ಏರಿ ಕೂತಿತು. ಪುಣೆಯಲ್ಲಿ ಇದಕ್ಕೆ ಕಾಚಬಿಂದು ಎನ್ನುತ್ತಾರೆ, ಗ್ಲಾಕೋಮಾ. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ ಔಷಧ, ಬದುಕಿರುವ ತನಕ ಹಾಕಬೇಕು ಎಂದರು ಡಾಕ್ಟರು.

ಮೊದಮೊದಲು ನಮ್ಮವರೇ ಹಾಕುತ್ತಿದ್ದರು. ಬಣ್ಣದ ಹನಿ ಎಣಿಸಿ ಎಣಿಸಿ ಪಳಗಿದ ಕೈ. ನಾನು ಮಾತ್ರ ಒದ್ದಾಡುವವಳು. ಆ ಔಷಧ ಹಸಿ ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಉಜ್ಜಿಕೊಂಡಂತೆ ಉರಿಯುತ್ತಿತ್ತು. ಅಲುಗಬ್ಯಾಡ ಎಂದು ಅವರು, ಮೆಲ್ಲಗೆ ಹಾಕಿರಿ ಎಂದು ನಾನು. ಒಂದು ಸಂಜೆ ಮಾತಿಗೆ ಮಾತು ಬೆಳೆದು, ನಿಮ್ಮ ಕೈ ಗೋಡೆಗೆ ಬಣ್ಣ ಹಚ್ಚಲಿಕ್ಕೇ ಸರಿ, ಕಣ್ಣಿಗಲ್ಲ ಎಂದುಬಿಟ್ಟೆ. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಾಟಲಿಯನ್ನು ನನ್ನ ಕೈಯಲ್ಲಿಟ್ಟರು.

"ಹಂಗಾರ ನೀನೇ ಹಾಕ್ಕೋ. ಇನ್ನ ನಾ ಕೈ ಹಚ್ಚಂಗಿಲ್ಲ."

ಹಚ್ಚಲೂ ಇಲ್ಲ. ಹಟದಲ್ಲಿ ನಮ್ಮಿಬ್ಬರಿಗೂ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ನಾನೇ ಹಾಕಿಕೊಂಡೆ, ಒಂದು ವಾರ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ, ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ, ಪೂರ್ತಿ ಬಿಟ್ಟೆ. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಔಷಧ ಹಾಕಿದರೆ ಉರಿ, ಹಾಕದಿದ್ದರೆ ಆರಾಮ. ಇಷ್ಟು ಸರಳ ಲೆಕ್ಕವನ್ನು ಇಷ್ಟು ತಪ್ಪಾಗಿ ಮಾಡಿದವಳು ಮೂವತ್ತು ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ನಡುವೆ ಕೂತಿದ್ದವಳು.

ಬಿಟ್ಟದ್ದಷ್ಟೇ ಅಲ್ಲ. ಸಂಜೆ ಹಾಲ್‌ನಿಂದ ಪ್ರಶ್ನೆ ಬರುತ್ತಿತ್ತು, ಹಾಕ್ಕೊಂಡೇನು? ಹಾಕ್ಕೊಂಡೀನ್ರಿ ಎಂದು ಬಚ್ಚಲಿನಿಂದ ನನ್ನ ಉತ್ತರ. ಬಾಟಲಿ ಖಾಲಿಯಾಗದಿದ್ದರೆ ಗುಟ್ಟು ರಟ್ಟಾಗುತ್ತದಲ್ಲ? ಅದಕ್ಕೆ ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ, ಹೊತ್ತು ತಪ್ಪದೆ ಬೇಸಿನ್‌ಗೆ ಹಾಕುತ್ತಿದ್ದೆ. ಒಮ್ಮೆ ಊರಿಗೆ ಹೋಗಿ ಬಂದ ಮೇಲೆ ನಾಲ್ಕು ದಿನದ ಬಾಕಿ ಎಂಟು ಹನಿಯನ್ನೂ ಎಣಿಸಿ ಹಾಕಿದೆ. ಇದರ ಅರ್ಧ ಶಿಸ್ತಿನಲ್ಲಿ ಕಣ್ಣಿಗೆ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಪಾಪ, ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ತಿಂಗಳಿಗೊಂದು ಹೊಸ ಬಾಟಲಿ ತಂದಿಡುತ್ತಿದ್ದರು.

ಕಾಚಬಿಂದು ಕಳ್ಳನ ಜಾತಿ. ಮೂಲೆಯಿಂದ ಶುರು ಮಾಡಿ ಸದ್ದಿಲ್ಲದೆ ಒಳಗೆ ಬರುತ್ತದೆ. ನನಗೆ ಗೊತ್ತಾಗುವಷ್ಟರಲ್ಲಿ ಬಲಗಣ್ಣಿನ ನರ ಒಣಗಿತ್ತು. ಪೆಟ್ಟು ಬಿದ್ದ ಕಣ್ಣು, ಔಷಧಕ್ಕೂ ಉಳಿಯಲಿಲ್ಲ ಎಂದುಕೊಂಡರು ನಮ್ಮವರು. ಎರಡು ವರ್ಷ ಕತ್ತಲಾಗಿ ಕೂತ ಕಣ್ಣು ಆಮೇಲೆ ನೋಯಲು ಶುರು ಮಾಡಿತು. ತಲೆಯ ಬಲಭಾಗವನ್ನು ಯಾರೋ ಇಕ್ಕಳದಲ್ಲಿ ಹಿಡಿದಂತೆ. ಕಾಣದ ಕಣ್ಣಿಗಾಗಿ ಇಷ್ಟು ನೋವು ತಿನ್ನುವುದು ಯಾಕೆ, ತೆಗೆದುಬಿಡೋಣ ಎಂದರು ಡಾಕ್ಟರು. ನಮ್ಮವರು ಆಗ ಕೇಳಿದರು, ದಿನಾ ಔಷಧ ಹಾಕಿದರೂ ಹೀಗೇಕಾಯಿತು ಎಂದು. ಡಾಕ್ಟರು ಒಳ್ಳೆಯ ಮನುಷ್ಯ. ಬಹಳ ಜನಕ್ಕೆ ಸ್ವತಃ ಹಾಕಿಕೊಳ್ಳಲು ಬರುವುದಿಲ್ಲ, ಹನಿ ಕೆನ್ನೆಗೆ ಹೋಗುತ್ತದೆ, ಮನೆಯವರು ಯಾರಾದರೂ ಹಾಕಿದರೆ ಛಲೋ ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ದಿನ ಹೆಗಲು ಮುಟ್ಟಿಕೊಂಡವರು ನಮ್ಮವರು. ನಿಜವಾದ ಕಳ್ಳಿ ಪಕ್ಕದ ಕುರ್ಚಿಯಲ್ಲಿ ಪರ್ಸಿನ ಜಿಪ್ ಎಳೆಯುತ್ತ ಬಿಡುತ್ತ ಕೂತಿದ್ದಳು. ಅವರ ಮುಖ ಬಿಳಿಚಿಹೋದದ್ದನ್ನು ನೋಡಿದೆ. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ.

ಅಂದಿನಿಂದ ನನ್ನ ಗಂಡ ದೇವರಂಥ ಮನುಷ್ಯರಾದರು.

ಮೊದಲ ಪರಿಣಾಮ ಅಲ್ಲಿಯೇ ಕಂಡಿತು. ಡಾಕ್ಟರು ಎರಡು ಗುಂಡು ತಂದು ಮೇಜಿನ ಮೇಲಿಟ್ಟರು. ದೊಡ್ಡ ಗೋಲಿಯಷ್ಟು ಗಾತ್ರ. ಒಂದು ನುಣ್ಣಗಿನ ಪ್ಲಾಸ್ಟಿಕ್, ಇನ್ನೊಂದರ ತುಂಬ ಸಣ್ಣ ಸಣ್ಣ ತೂತು. ಕಣ್ಣು ತೆಗೆದ ಗುಳಿಯನ್ನು ಖಾಲಿ ಬಿಟ್ಟರೆ ರೆಪ್ಪೆ ಒಳಗೆ ಕುಸಿಯುತ್ತದೆ, ಅದಕ್ಕೆ ಇದನ್ನು ಒಳಗಿಟ್ಟು ಕಣ್ಣಿನ ಸ್ನಾಯುಗಳನ್ನು ಇದಕ್ಕೇ ಹೊಲಿಯುತ್ತಾರಂತೆ. ತೂತಿನದಾದರೆ ರಕ್ತನಾಳಗಳು ಒಳಗೆ ಬೆಳೆದು ಅದು ಮೈಯದೇ ಭಾಗವಾಗಿಬಿಡುತ್ತದೆ. ಅದರ ಮೇಲೆ ಗುಲಾಬಿ ಚರ್ಮ ಮುಚ್ಚಿಕೊಳ್ಳುತ್ತದೆ. ಆರೇಳು ವಾರದ ನಂತರ ಮುಂದೆ ಸಿಪ್ಪೆಯಂಥ ಬಣ್ಣದ ಕಣ್ಣು ಸಿಕ್ಕಿಸಿದರೆ, ಗುಂಡಿನ ಜೊತೆ ಅದೂ ಅತ್ತಿತ್ತ ಹೊರಳುತ್ತದೆ. ನಲ್ಲಿಯ ವಾಷರ್ ಕೊಳ್ಳಬೇಕಾದರೂ ಅಂಗಡಿಯವನ ಜೀವ ಹಿಂಡುವ ನಮ್ಮವರು ಈ ಗುಂಡುಗಳನ್ನು ಮುಟ್ಟಿ ಕೂಡ ನೋಡಲಿಲ್ಲ. ನನ್ನ ಕಡೆ ತಿರುಗಿ, ಆದರೆ ಮುಖ ನೋಡದೆ, "ನಿಮಗ ಯಾವ್ದು ಬೇಕು ಅದನ್ನ ತಗೋರಿ" ಎಂದರು. ಮೂವತ್ತೊಂದು ವರ್ಷ ನೀ, ಲೇ ಎಂದು ಕರೆಸಿಕೊಂಡವಳಿಗೆ ಬ್ಯಾಂಕ್ ಮ್ಯಾನೇಜರಿಗೆ ಕೊಡುವಂಥ ಮರ್ಯಾದೆ. ತೂತಿನದೇ ಇರಲಿ ಎಂದೆ.

ಆಪರೇಷನ್ ದಿನ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಕಣ್ಣು? ಕಾಗದ ಬರೆಸಿಕೊಳ್ಳುವವಳು ಕೇಳಿದಳು, ನರ್ಸ್ ಕೇಳಿದಳು, ಅರಿವಳಿಕೆಯ ಡಾಕ್ಟರು ಕೇಳಿದರು. ಇವರಿಗೇ ಗೊತ್ತಿಲ್ಲದಿದ್ದರೆ ಹೇಗಪ್ಪಾ ಎಂದು ನನಗೆ ಚಿಂತೆ ಹತ್ತಿತು. ಬಲಗಣ್ಣಿನ ಮೇಲೆ ಪೆನ್ನಿನಿಂದ ಬಾಣದ ಗುರುತು ಹಾಕಿದ ಮೇಲೂ, ಕನ್ನಡಿಯಲ್ಲಿ ನೋಡಿದರೆ ಎಡಬಲ ಅದಲುಬದಲು ಕಾಣುತ್ತದಲ್ಲ, ಸರಿಯಾಗಿದೆಯೇ ನೋಡಿ ಎಂದು ನಮ್ಮವರನ್ನು ಮೂರು ಸಲ ಕೇಳಿದೆ. ಹಳೆಯ ಮನುಷ್ಯನಾಗಿದ್ದರೆ, ನಿನ್ನ ನಾಲಿಗಿ ಮ್ಯಾಲೂ ಒಂದು ಬಾಣ ಹಾಕಸಬೇಕಾಗಿತ್ತು ಎನ್ನುತ್ತಿದ್ದರು. ಈ ಹೊಸ ಮನುಷ್ಯ ಮೂರು ಸಲವೂ ಹೌದ್ರಿ, ಬಲಗಡೇನ ಅದ ಎಂದರು. ನಾನು ಅಳುತ್ತ ಒಳಗೆ ಹೋದೆ. ನರ್ಸ್ ಹೆದರಿಕೆಗೆ ಅಳುತ್ತಾಳೆ ಎಂದುಕೊಂಡು ಕೈ ಹಿಡಿದಳು.

ನೋವು ಹೋಯಿತು. ಅದೊಂದು ದೊಡ್ಡ ಸುಖ, ಸುಳ್ಳು ಹೇಳಬಾರದು. ರೆಪ್ಪೆಯ ಒಳಗೆ ಆಕಾರ ಕೆಡದಂತೆ ಪಾರದರ್ಶಕ ಬಿಲ್ಲೆಯೊಂದನ್ನು ಇಟ್ಟು ಕಳಿಸಿದ್ದರು. ಮಾತಾಡಿಸಲು ಬಂದವರೆಲ್ಲ ಬಾಳೆಹಣ್ಣು ತಂದರು, ಮತ್ತು ಎಲ್ಲರೂ, ಒಬ್ಬರೂ ಬಿಡದೆ, ಹೊಸ ಕಣ್ಣಿನಿಂದ ಎಷ್ಟು ಕಾಣುತ್ತದೆ ಎಂದು ಕೇಳಿದರು. ಇದು ನೋಡುವ ಕಣ್ಣಲ್ಲ, ನೋಡಿಸಿಕೊಳ್ಳುವ ಕಣ್ಣು ಎಂದು ಹತ್ತು ಜನಕ್ಕೆ ಹೇಳಿ ಸಾಕಾಗಿ, ಹನ್ನೊಂದನೆಯವರಾಗಿ ಬಂದ ಮೇಲಿನ ಮನೆಯ ಆಜಿಗೆ, ನಮ್ಮ ಬಾಲ್ಕನಿಯಿಂದ ಅಷ್ಟು ದೂರದ ಪರ್ವತಿ ಗುಡ್ಡದ ಮೆಟ್ಟಿಲು ಎಣಿಸಬಹುದು ಎಂದೆ. ಅವರು ತಮ್ಮ ಯಜಮಾನರಿಗೂ ಒಂದು ಹಾಕಿಸುತ್ತೇನೆಂದು ಡಾಕ್ಟರ ನಂಬರ್ ಬರೆದುಕೊಂಡು ಹೋದರು. ಇಷ್ಟಕ್ಕೆ ನಮ್ಮವರು ಮೈಮೇಲೆ ಬರಬೇಕಿತ್ತು. ಒಳಗಿನಿಂದ ಎಳನೀರು ತಂದು ಕೊಟ್ಟರು.

ಕೆಣಕಿ ನೋಡೋಣವೆಂದು ಕೈ ತೊಳೆದುಕೊಂಡು ಬೆನ್ನು ಹತ್ತಿದೆ. ಚಹಾವನ್ನು ಹಾಲಿನಂತೆ ಬೆಳ್ಳಗೆ ಮಾಡಿ ಕೊಟ್ಟೆ. ಛಲೋ ಆಗ್ಯದ ಎಂದು ಕುಡಿದರು. ಕಿಟಕಿಯ ಪರದೆಯನ್ನು ಒಳಹೊರಗು ಮಾಡಿ ಹಾಕಿದೆ. ನೋಡಿದರು, ಹುಬ್ಬು ಸ್ವಲ್ಪ ಅಲುಗಿತು, ಆಸೆಯಿಂದ ಕಾದೆ, ಪೇಪರ್ ಓದಲು ಕೂತರು. ಹಸಿರು ಸೀರೆಯ ಮೇಲೆ ನೇರಳೆ ರವಿಕೆ ತೊಟ್ಟು ಅವರೆದುರು ನಾಲ್ಕು ಸಲ ಓಡಾಡಿದೆ, ನೋಡಿದವರ ಕಣ್ಣು ಕಿತ್ತುಕೊಳ್ಳಬೇಕು ಅಂಥ ಜೋಡಿ. ಭಾಳ ಒಪ್ಪತದ ಎಂದರು. ಮುಖ ಎತ್ತಿ ನೋಡಿದ್ದರೆ ತಾನೆ! ಆ ಮೂರು ತಿಂಗಳಲ್ಲಿ ಅವರು ನನ್ನ ಭುಜದ ಜೊತೆ ಮಾತಾಡಿದರು, ಕೈಯ ಜೊತೆ ಮಾತಾಡಿದರು, ಮುಖದ ಜೊತೆ ಒಮ್ಮೆಯೂ ಮಾತಾಡಲಿಲ್ಲ.

ವಿಮಾನ ನಗರದಲ್ಲಿರುವ ಮಗಳು ರವಿವಾರ ಬಂದವಳು, ಅಪ್ಪ ಎಷ್ಟು ಸ್ವೀಟ್ ಆಗಿದ್ದಾರೆ, ನೀನು ಲಕ್ಕಿ ಎಂದಳು. ಆ ಸಿಹಿಗೆ ನನಗೆ ಸಕ್ಕರೆ ಕಾಯಿಲೆ ಬರುವುದೊಂದು ಬಾಕಿ ಇದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಔಷಧಿ ಕಳ್ಳತನ ಒಪ್ಪಿಕೊಂಡರೆ ಎಲ್ಲ ಮುಗಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಬೆಳಿಗ್ಗೆ ಇಂದು ಹೇಳುತ್ತೇನೆ ಎಂದು ಏಳುತ್ತಿದ್ದೆ. ಆದರೆ ಒಮ್ಮೆ ಸುಳ್ಳು ಹೇಳಿದರೆ ತಪ್ಪಾಯಿತು ಎಂದು ಕೆನ್ನೆ ಬಡಿದುಕೊಳ್ಳಬಹುದು. ದಿನಕ್ಕೆ ಎರಡು ಹನಿಯಂತೆ ವರ್ಷಗಟ್ಟಲೆ ಹೇಳಿದ ಸುಳ್ಳನ್ನು ಯಾವ ಬಾಯಿಂದ ಒಪ್ಪಿಕೊಳ್ಳುವುದು? ಅವರು ಸಿಟ್ಟಾಗುತ್ತಾರೆಂಬ ಭಯವಲ್ಲ, ಸಿಟ್ಟಿಗೆ ನಾನು ಹಪಹಪಿಸುತ್ತಿದ್ದೆ. ಸಿಟ್ಟಾಗದೆ, ಹೋಗ್ಲಿ ಬಿಡ್ರಿ ಎಂದುಬಿಟ್ಟರೆ? ಆಗ ನಮ್ಮಿಬ್ಬರ ನಡುವೆ ಉಳಿಯುವುದು ಏನು? ಆ ಭಯಕ್ಕೆ ಬಾಯಿ ಕಟ್ಟುತ್ತಿತ್ತು.

ಹೀಗಿರುವಾಗ ಸಿಪ್ಪೆಯ ಕಣ್ಣು ಮಾಡಿಸುವ ದಿನ ಬಂತು. ಪುಣೆಯ ಡೆಕ್ಕನ್ ಬಡಾವಣೆಯ ಕಡೆ ಒಂದು ಹಳೆಯ ಕಟ್ಟಡ, ಎರಡನೇ ಮಹಡಿ, ಉದ್ದಕ್ಕೆ ತೆರೆದ ಗ್ಯಾಲರಿ, ಅದಕ್ಕೆ ಹೊಂದಿಕೊಂಡ ಕೋಣೆಗಳು. ಕಣ್ಣು ಮಾಡುವವಳು ನಲವತ್ತರ ಆಸುಪಾಸಿನ ಮರಾಠಿ ಹೆಣ್ಣುಮಗಳು. ಮಾತು ಪಟಪಟ, ಕೈ ಅದಕ್ಕಿಂತ ಪಟಪಟ. ಮೊದಲ ಸಲ ಹೋದಾಗ ಗುಳಿಯೊಳಗೆ ತಣ್ಣನೆಯ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆದಿದ್ದಳು. ಈ ಸಲ ಬಣ್ಣ. ನನ್ನನ್ನು ಎದುರಿಗೆ ಕೂಡಿಸಿಕೊಂಡು, ಎಡಗಣ್ಣು ನೋಡುತ್ತ, ಗುಂಡಿಯಷ್ಟಿದ್ದ ಬಿಲ್ಲೆಯ ಮೇಲೆ ಕೂದಲೆಳೆಯಂಥ ಕುಂಚದಿಂದ ಬಣ್ಣ ಹಚ್ಚತೊಡಗಿದಳು. ಒಂದು ಪದರ, ಒಣಗಲಿ, ಇನ್ನೊಂದು ಪದರ. ಬಿಳಿಯ ಭಾಗದಲ್ಲಿ ನರದಂತೆ ಕಾಣಲು ಕೆಂಪು ದಾರದ ಎಳೆ ಬಿಡಿಸಿ ಅಂಟಿಸಿದಳು. ಚಿಕ್ಕಮ್ಮನನ್ನು ಕರೆಯುವಂತೆ ನನ್ನನ್ನು ಕಾಕು ಎನ್ನುತ್ತ, ನೇರ ನೋಡಿ, ನೇರ ನೋಡಿ ಎಂದು ಎರಡು ತಾಸು.

ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಹೊರಗೆ, ಮುಂದೆ ನಗರಸೇವಕರು, ಅಂದರೆ ಕಾರ್ಪೊರೇಟರ್, ಆಗಲಿರುವ ಯಾರೋ ಒಬ್ಬರಿಗೆ ಹುಟ್ಟುಹಬ್ಬದ ಶುಭಾಶಯ ಹೇಳುವ ದೊಡ್ಡ ಕಿತ್ತಳೆ ಬಣ್ಣದ ಫ್ಲೆಕ್ಸ್ ಕಟ್ಟಿದ್ದರು. ಭಾವೀ ಸೇವಕರ ನಗುಮುಖ ಅತ್ತ ಬೀದಿಗೆ, ನಮಗೆ ಅವರ ಬೆನ್ನಿನಿಂದ ಸೋಸಿ ಬರುವ ಕಿತ್ತಳೆ ಬೆಳಕು. ಸಾಲದ್ದಕ್ಕೆ ತಲೆಯ ಮೇಲೆ ಟ್ಯೂಬ್‌ಲೈಟ್. ನಾಲ್ಕು ದಿನದಿಂದ ಹೇಳುತ್ತಿದ್ದೇನೆ, ಬಿಚ್ಚುತ್ತಿಲ್ಲ ಎಂದು ಅವಳೇ ಗೊಣಗಿದಳು. ನಮ್ಮವರು ಮೂಲೆಯ ಸ್ಟೂಲಿನ ಮೇಲೆ ಕೂತು ಕಿಟಕಿ ನೋಡಿದರು, ಟ್ಯೂಬ್‌ಲೈಟ್ ನೋಡಿದರು, ತಮ್ಮ ಚಪ್ಪಲಿ ನೋಡಿದರು. ಹಳೆಯ ಮನುಷ್ಯನಾಗಿದ್ದರೆ ಆ ಫ್ಲೆಕ್ಸ್ ಅಷ್ಟೊತ್ತಿಗೆ ನೆಲ ಕಂಡಿರುತ್ತಿತ್ತು.

ಕೊನೆಗೆ ಅವಳು ಆ ಬಿಲ್ಲೆ ಕೂಡಿಸಿದ ಸಿಪ್ಪೆಯನ್ನು ರೆಪ್ಪೆಯ ಒಳಗೆ ಮೆಲ್ಲಗೆ ಸೇರಿಸಿ ಕನ್ನಡಿ ಕೊಟ್ಟಳು. ಎಷ್ಟೋ ದಿನಕ್ಕೆ ನನ್ನ ಮುಖದಲ್ಲಿ ಎರಡು ಕಣ್ಣು. ಅತ್ತಿತ್ತ ಹೊರಳಿಸಿದೆ, ಅದೂ ಸ್ವಲ್ಪ ಹಿಂದೆ ಬಿದ್ದಂತೆ ಹೊರಳಿತು. ನನಗೆ ಖುಷಿಯಾಯಿತು. ಇನ್ನು ಮೇಲೆ ಪಾರದರ್ಶಕ ಪದರ ಹಾಕಿ ಬೇಯಿಸಿಬಿಡುತ್ತೇನೆ, ಆಮೇಲೆ ಬಣ್ಣ ಬದಲಿಸಲು ಬರುವುದಿಲ್ಲ, ಹೊರಗೆ ಬೆಳಕಿನಲ್ಲಿ ನೋಡಿಕೊಂಡು ಬಂದು ಹೇಳಿ ಎಂದಳು. ಕನ್ನಡಿ ಹಿಡಿದು ಗ್ಯಾಲರಿಗೆ ಬಂದೆ. ನಮ್ಮವರು ಹಿಂದೆಯೇ ಬಂದರು.

ಹೊರಗೆ ಒಳ್ಳೆಯ ಹಗಲು. ಕನ್ನಡಿ ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹಿಡಿಯಲು ಬರಲಿಲ್ಲ. ಎಡಗಣ್ಣು ಕಪ್ಪು ಚಹಾದ ಬಣ್ಣ, ಬಲಗಣ್ಣು ಕೊಲ್ಹಾಪುರದ ಬೆಲ್ಲದ ಬಣ್ಣವೋ? ಒಂದೇ ಕಣ್ಣಿನವಳ ಮಾತು, ಎಷ್ಟು ನಂಬುವುದು? ಆದರೆ ನನ್ನ ಪಕ್ಕದಲ್ಲಿ ನಿಂತದ್ದು ಪುಣೆಯಲ್ಲೇ ಹೆಸರಾದ ಶೇಡಿನ ಮನುಷ್ಯ. ಅವರ ಎದುರಿಗೆ ತಿರುಗಿ, ನೋಡ್ರಿ, ಕೂಡೇದೇನು ಎಂದು ಕೇಳಿದೆ.

ಅವರು ಮುಖ ಎತ್ತಿದರು. ಎರಡು ಕ್ಷಣ ನನ್ನನ್ನು ನೋಡಿದರು. ಬಲಗೈಯ ಹೆಬ್ಬೆರಳು ತೋರುಬೆರಳಿಗೆ ತಿಕ್ಕಿತು, ಹಸಿ ಬಣ್ಣ ಮುಟ್ಟಿ ನೋಡುವವರ ಹಾಗೆ. ಶೇಡ್ ಕೂಡದಾಗ ಮಾತ್ರ ಅವರ ಬೆರಳು ಹಾಗೆ ತಿಕ್ಕುತ್ತವೆ, ಮೂವತ್ತೊಂದು ವರ್ಷ ನೋಡಿದ್ದೇನೆ. ಆಮೇಲೆ ದೃಷ್ಟಿ ಮತ್ತೆ ನನ್ನ ಭುಜಕ್ಕೆ ಇಳಿಯಿತು.

"ಛಲೋ ಅದರೀ. ಭಾಳ ಛಲೋ ಕೂಡೇದ."

ಬೀಗರ ಸೀರೆಯನ್ನು ಬಿಡದ ಮನುಷ್ಯ, ರೊಟ್ಟಿಯನ್ನು ಬಿಡದ ಮನುಷ್ಯ, ಬಣ್ಣದ ವಿಷಯದಲ್ಲಿ ಸುಳ್ಳು ಹೇಳಿದರು. ನನ್ನ ಮುಖದ ಮೇಲೆ ಬದುಕಿಡೀ ಕೂಡುವ ಬಣ್ಣದ ವಿಷಯದಲ್ಲಿ. ನನಗೆ ನೋವಾಗಬಾರದೆಂದು ಅಷ್ಟು ದೂರ ಹೋಗಿಬಿಟ್ಟಿದ್ದರು. ಇಂದು ಬಾಯಿ ಬಿಡದಿದ್ದರೆ ಇವರು ಹಿಂತಿರುಗಿ ಬರುವುದಿಲ್ಲ ಎಂದು ನನಗೆ ಖಚಿತವಾಯಿತು. ಗ್ಯಾಲರಿಯ ಕಟಕಟೆ ಹಿಡಿದುಕೊಂಡೆ.

"ರೀ, ಆ ಕಣ್ಣಿನ ಔಷಧ ನಾ ಹಾಕ್ಕೊಂಡೇ ಇಲ್ಲ. ಉರೀತಿತ್ತು ಅಂತ ಬಿಟ್ಟೆ. ದಿನಾ ಎರಡು ಹನಿ ಬೇಸಿನ್‌ಗೆ ಹಾಕಿದೆ. ನಿಮ್ಮದೇನೂ ತಪ್ಪಿಲ್ಲ."

ಅವರಿಗೆ ಮೊದಲು ಕೇಳಿಸಿಕೊಂಡದ್ದು ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದರು. ಹೇಳು ಎಂದರು, ಹೇಳ್ರಿ ಎನ್ನಲಿಲ್ಲ. ಇನ್ನೊಮ್ಮೆ ಹೇಳಿದೆ, ಊರಿಂದ ಬಂದು ಎಂಟು ಹನಿ ಒಟ್ಟಿಗೆ ಹಾಕಿದ್ದನ್ನೂ ಸೇರಿಸಿ. ಅವರ ಕಿವಿಯ ತುದಿ ಕೆಂಪಾಗುವುದನ್ನು ನಾನು ಒಂದೇ ಕಣ್ಣಿನಿಂದ ನೋಡಿದೆ.

"ಬೇಸಿನ್‌ಗೆ? ಬೇಸಿನ್‌ಗೆ ಕಾಚಬಿಂದು ಆಗಿತ್ತೇನು?"

ಪಕ್ಕದ ಕೋಣೆಯ ಬಾಗಿಲು ತೆರೆದು ಒಬ್ಬರು ಇಣುಕಿದರು. ನಮ್ಮವರು ನಿಲ್ಲಿಸಲಿಲ್ಲ. ನನ್ನ ಬುದ್ಧಿಯ ಬಗ್ಗೆ ಹೇಳಿದರು, ನನ್ನ ತವರಿನವರೆಲ್ಲರ ಬುದ್ಧಿಯ ಬಗ್ಗೆ ಹೇಳಿದರು, ತಾವು ಮಳೆಯಲ್ಲಿ ನೆನೆದುಕೊಂಡು ಹೋಗಿ ಆ ಬಾಟಲಿ ತಂದ ದಿನವನ್ನು ಹೇಳಿದರು. ಗ್ರಂಥಾಲಯದ ಅಷ್ಟು ಪುಸ್ತಕದಲ್ಲಿ ಒಂದರಲ್ಲೂ ಕಣ್ಣು ಬೇಕು ಎಂದು ಬರೆದಿರಲಿಲ್ಲವೇ ಎಂದು ಕೇಳಿದರು. ಹಾಗೆ ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು.

"ಮೂರು ತಿಂಗಳು ಉಂಡ ಅನ್ನ ಮೈಗೆ ಹತ್ತಿಲ್ಲ ನನಗ. ನನ್ನ ಹಟಕ್ಕ ನಿನ್ನ ಕಣ್ಣು ಹೋತು ಅಂತ ನಿನ್ನ ಮಾರಿ ನೋಡ್ಲಿಕ್ಕೆ ಆಗ್ತಿದ್ದಿಲ್ಲ."

ತಪ್ಪಾಯಿತು ಎಂದೆ. ಮದುವೆಯಾದಾಗಿನಿಂದ ಆ ಮಾತು ಅವರಿಗೆ ಹೇಳಿದ್ದು ಅದೇ ಮೊದಲು. ಅವರು ಅದನ್ನು ಲಕ್ಷ್ಯಕ್ಕೂ ತೆಗೆದುಕೊಳ್ಳಲಿಲ್ಲ. ಮೂಗು ಒರೆಸಿಕೊಂಡು, ನನ್ನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ, ಇನ್ನೊಂದರಿಂದ ಇದಕ್ಕೆ ನೋಡಿದರು. ಸಿಟ್ಟಿನಿಂದ ನೋಡಿದರು, ಎಷ್ಟು ಹೊತ್ತು ನೋಡಿದರು! ನನಗೆ ಕುತ್ತಿಗೆ ನೋಯುತ್ತಿತ್ತು, ಬಿಡಿ ಎನ್ನಲಿಲ್ಲ.

"ಕೆಂಪ ಹೊಡೀತದ" ಎಂದರು. ಗದ್ದ ಬಿಟ್ಟು ಒಳಗೆ ಹೋದರು.

ಒಳಗೆ ಏನಾಯಿತೆಂದರೆ, ಇದು ನನ್ನ ಹೆಂಡತಿಯ ಕಣ್ಣಲ್ಲ, ಫ್ಲೆಕ್ಸಿನ ಕಣ್ಣು ಎಂದು ತಮ್ಮ ಹಡಪಸರದ ಮರಾಠಿಯಲ್ಲಿ ಆ ಹೆಣ್ಣುಮಗಳಿಗೆ ಪಾಠ ಶುರು ಮಾಡಿದರು. ಕಿತ್ತಳೆ ಬೆಳಕಿನಲ್ಲಿ ಕೂಡಿದ ಬಣ್ಣ ಹಗಲಿನಲ್ಲಿ ಕೂಡುವುದಿಲ್ಲ, ಕೆಂಪು ಕಡಿಮೆ ಮಾಡಬೇಕು, ಅಂಚಿಗೆ ಕಪ್ಪು ಬೇಕು, ಹೊರಗೆ ಗ್ಯಾಲರಿ ಉತ್ತರಕ್ಕಿದೆ, ಕುರ್ಚಿ ಅಲ್ಲಿ ಹಾಕು. ಅವಳೂ ಬಿಡುವವಳಲ್ಲ, ಹದಿನೈದು ವರ್ಷದಿಂದ ಕಣ್ಣು ಬರೆಯುತ್ತಿದ್ದೇನೆ ಕಾಕಾ ಎಂದಳು. ಇವರು ಮೂವತ್ತು ಎಂದರು. ಕೊನೆಗೆ ಅವಳು ಹೊರಗೆ ಬಂದು ನನ್ನ ಮುಖ ನೋಡಿ, ತಿರುಗಿ ಒಳಗೆ ಹೋಗಿ ಬಣ್ಣದ ತಟ್ಟೆ ತಂದಳು. ಸಿಪ್ಪೆಯನ್ನು ತೆಗೆದುಕೊಂಡಳು. ನಮ್ಮವರು ಕುರ್ಚಿ ತಂದು ನನ್ನನ್ನು ಕೂಡಿಸಿ, ಅತ್ತ ಸರಿ, ಇತ್ತ ಸರಿ, ಕುತ್ತಿಗೆ ನೆಟ್ಟಗೆ ಇಟ್ಟುಕೋ ಎಂದು ಒಂದೇ ಸಮನೆ ಗದರಿಸುತ್ತ, ಮೊಣಕಾಲೂರಿ ನನ್ನೆದುರು ಕೂತರು. ಎಡಗಣ್ಣಿನೊಳಗೆ ನೋಡುತ್ತ, ಅಂಚಿಗೆ ಕಪ್ಪು ಎಷ್ಟು, ಒಳಗೆ ಕಂದು ಎಷ್ಟು ಎಂದು ಅವಳಿಗೆ ಹೇಳತೊಡಗಿದರು.

ಅಷ್ಟು ಹತ್ತಿರ ಅವರ ಮುಖ ಕಂಡು ನನಗೆ ತಡೆಯಲಾಗಲಿಲ್ಲ. ಎಡಗಣ್ಣಿನಲ್ಲಿ ನೀರು ಬಂತು. ಖಾಲಿ ರೆಪ್ಪೆಯ ಬಲಗಡೆಯೂ ಬಂತು, ಗುಂಡಿಟ್ಟರೂ ಆ ನೀರು ನಿಲ್ಲುವುದಿಲ್ಲ ಎಂದು ನನಗೆ ಅಂದೇ ಗೊತ್ತಾದದ್ದು. ನಮ್ಮವರು ಕರವಸ್ತ್ರ ತೆಗೆದು ನನ್ನ ಕೈಗೆ ಕೊಟ್ಟರು.

"ಅಳಬ್ಯಾಡ. ಬಿಳಿ ಕೆಂಪಾದ್ರ ಶೇಡ್ ಕೂಡಂಗಿಲ್ಲ."

ನನ್ನ ಕಣ್ಣು ತಿರುಗಿ ಬೆಳ್ಳಗಾಗಲು ಅರ್ಧ ತಾಸು ಬೇಕಾಯಿತು. ಆ ಹೆಣ್ಣುಮಗಳು ಕುಂಚ ಹಿಡಿದು ಕಾಯುತ್ತ ನಿಂತಳು. ನಾವಿಬ್ಬರೂ ಆ ಅರ್ಧ ತಾಸು ಸುಮ್ಮನೆ ಕೂಡಲಿಲ್ಲ, ಜಗಳವಾಡಿದೆವು.